ಎಪ್ಪತ್ತೈದನೆಯ ಅಡಿ

ನಲವತ್ತು ವರ್ಷ ಸೀರೆ ಮಾರಿದವನಿಗೆ ಮನುಷ್ಯರನ್ನೂ ಅಂಚು ಹಿಡಿದು ನೋಡುವ ಚಟ ಅಂಟಿಕೊಂಡಿರುತ್ತದೆ. ಖುಶ್ನುಮಾಳನ್ನು ಮೊದಲ ಸಲ ಕಂಡಾಗ ನಾನು ಹಾಕಿದ ಅಂದಾಜು ಇದು: ವಯಸ್ಸು ನಲವತ್ತರ ಆಚೀಚೆ, ಎತ್ತರ ಕಡಿಮೆ, ದನಿ ಅದಕ್ಕಿಂತ ಕಡಿಮೆ. ಬಣ್ಣ ಬಿಡದ ಮಾಲು, ಆದರೆ ಗಾಜಿನ ಕಪಾಟಿನಲ್ಲಿ ಇಡುವಂಥದ್ದಲ್ಲ. ಒಳಗಿನ ಕಟ್ಟಿನಲ್ಲಿಟ್ಟು, ಹತ್ತು ವರ್ಷ ಬಾಳಿಕೆ ಬರುತ್ತದೆ ಎಂದು ಹೇಳಿ ದಿನಬಳಕೆಯ ಗಿರಾಕಿಗೆ ಕೊಡುವಂಥದ್ದು. ಚೌಕಾಸಿ ಮಾಡುವವಳಲ್ಲ, ಮಾತಿಗೆ ಮಾತು ಕೊಡುವವಳೂ ಅಲ್ಲ. ಅಷ್ಟಕ್ಕೆ ಬೆಲೆ ಕಟ್ಟಿ ಮುಗಿಸಿದೆ. ನಾನು ಬೆಲೆ ಕಟ್ಟಿದರೆ ತಪ್ಪುವುದಿಲ್ಲ ಎಂದು ನಮ್ಮ ಗಲ್ಲಿಯಲ್ಲಿ ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನೂ ನಾನೇ.

ಆಕೆ ಖಾನಾಪುರದವಳು. ಗಂಡ ಮುಜೀಬ ಜಾಂಬೋಟಿ ರಸ್ತೆಯಲ್ಲಿ ಟೆಂಪೊ ಓಡಿಸುತ್ತಾನೆ. ಹದಿನಾಲ್ಕು ವರ್ಷ ಆಕೆ ದಿನವೂ ಬೆಳಗಿನ ರೈಲು ಹಿಡಿದು ಬೆಳಗಾವಿಗೆ ಬಂದು, ಶಹಾಪುರದ ಕಡೆ ಇರುವ ಗುರುಪುತ್ರಪ್ಪನವರ ಬ್ಯಾನರ್ ಅಂಗಡಿಯಲ್ಲಿ ಮಷಿನ್ ನಡೆಸಿದಳು. ಗುರುಪುತ್ರಪ್ಪ ಹಳೆಯ ಕಾಲದವರು. ಮೊದಲು ಲಗ್ನಪತ್ರಿಕೆ ಮತ್ತು ಬಿಲ್ ಪುಸ್ತಕ ಅಚ್ಚು ಹಾಕುತ್ತಿದ್ದವರು ಆಮೇಲೆ ಹತ್ತು ಅಡಿ ಅಗಲದ ಬ್ಯಾನರ್ ಮಷಿನ್ ತಂದು ಕೂರಿಸಿದರು. ಮನುಷ್ಯ ಸಜ್ಜನ. ಆದರೆ ಒಂದು ಗೇಣು ಬ್ಯಾನರ್ ಬಟ್ಟೆ ಹಾಳಾದರೆ ಅಂದಿನ ಊಟ ಅವರಿಗೆ ರುಚಿಸುವುದಿಲ್ಲ.

ಈ ಗೇಣು ಉಳಿಸುವ ಆಸೆಯಿಂದ ಅವರ ಅಂಗಡಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಬೇರೆಯವರು ಒಂದೊಂದು ಬ್ಯಾನರನ್ನು ಒಂದೊಂದಾಗಿ ಮುದ್ರಿಸುತ್ತಾರೆ. ಪ್ರತಿ ಸಲವೂ ತಲೆಗೆ ಬಾಲಕ್ಕೆ ಒಂದಿಷ್ಟು ಖಾಲಿ ಬಟ್ಟೆ ಹೋಗುತ್ತದೆ. ಇಲ್ಲಿ ಹಾಗಲ್ಲ. ದಿನದ ಎಲ್ಲ ಕೆಲಸವನ್ನು, ಒಬ್ಬರ ಹುಟ್ಟುಹಬ್ಬ, ಇನ್ನೊಬ್ಬರ ಶ್ರದ್ಧಾಂಜಲಿ, ಮತ್ತೊಬ್ಬರ ಎಮ್ಮೆ ಮಾರಾಟ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಹೊಲಿದು ಒಂದೇ ಉದ್ದ ಚಿತ್ರ ಮಾಡಿ ಮಷಿನ್ನಿಗೆ ಕೊಡುವುದು. ಇದಕ್ಕೆ ಅಲ್ಲಿ ಸರಪಳಿ ಎಂದು ಹೆಸರು. ಸರಪಳಿ ಉದ್ದವಾದಷ್ಟೂ ಗುರುಪುತ್ರಪ್ಪನವರ ಮುಖ ಅರಳುತ್ತಿತ್ತು. ಮತ್ತು ಸರಪಳಿ ಬಹಳ ಉದ್ದವಾದ ದಿನ ಮಷಿನ್ ಬೀಳುತ್ತಿತ್ತು.

ಬೀಳುವುದೆಂದರೆ ನೆಲಕ್ಕೆ ಬೀಳುವುದಲ್ಲ. ಮಷಿನ್ನಿಗೆ ಚಿತ್ರ ತಯಾರಿಸಿ ಕೊಡುವ ಸಾಫ್ಟ್‌ವೇರ್ ನಡುವೆಯೇ ನಿಂತು, ಪರದೆ ಸತ್ತು, ಎಲ್ಲವನ್ನೂ ಬಂದ್ ಮಾಡಿ ಮತ್ತೆ ಶುರು ಮಾಡಬೇಕಾಗುತ್ತಿತ್ತು. ಕರೆಂಟಿನ ಏರಿಳಿತ ಎಂದರು ಗುರುಪುತ್ರಪ್ಪ. ಧೂಳು ಎಂದ ಓಂಕಾರ. ಮಷಿನ್ ಮಾರಿ, ಸಾಫ್ಟ್‌ವೇರ್ ಹಾಕಿಕೊಟ್ಟು, ಕರೆದಾಗ ಬಂದು ನೋಡುವವನು ಅವನು. ಖುಶ್ನುಮಾ ಒಂದು ನೂರು ಪುಟದ ನೋಟ್‌ಬುಕ್ ತಂದು, ಮಷಿನ್ ಬಿದ್ದಾಗಲೆಲ್ಲ ತಾರೀಖು, ಗಂಟೆ, ಆಗ ಮಷಿನ್ ಮೇಲೆ ಏನಿತ್ತು, ಎಷ್ಟು ಅಡಿ ಎಂದು ಬರೆಯತೊಡಗಿದಳು. ಯಾಕೆಂದರೆ ಕರೆಂಟಿನ ತಪ್ಪು, ಧೂಳಿನ ತಪ್ಪು ಎಲ್ಲ ಹೇಳಿ ಮುಗಿದ ಮೇಲೆ ಉಳಿಯುವುದು ಮಷಿನ್ ನಡೆಸುವವಳ ತಪ್ಪು. ಅದು ಆಕೆಗೆ ಗೊತ್ತಿತ್ತು.

ನಾನು ಗುರುಪುತ್ರಪ್ಪನವರ ಹಳೆಯ ಗಿರಾಕಿ. ವರ್ಷಕ್ಕೆ ನಾಲ್ಕು ಸಲ ಸೀರೆಯ ಸೇಲ್ ಇಡುತ್ತೇನೆ. ಸೇಲ್ ಎಂದರೆ ಗುಟ್ಟು. ಈ ಸಲ ಎಷ್ಟು ಪರ್ಸೆಂಟ್ ಬಿಡುತ್ತೇನೆ ಎಂಬುದು ಬ್ಯಾನರ್ ಕಟ್ಟುವ ಬೆಳಿಗ್ಗೆಯವರೆಗೆ ನನ್ನ ಹೆಂಡತಿಗೂ ತಿಳಿಯಬಾರದು. ತಿಳಿದರೆ ತವರಿನವರಿಗೆ ಹೇಳುತ್ತಾಳೆ. ಬ್ಯಾನರಿನ ಫೈಲನ್ನು ನಾನು ಗುರುಪುತ್ರಪ್ಪನವರ ಇಮೇಲಿಗೆ ಕಳಿಸುತ್ತಿದ್ದೆ. ಬಂದ ಫೈಲುಗಳನ್ನು ಯಾರೂ ತೆರೆಯಬೇಕಾಗಿರಲಿಲ್ಲ. ಎರಡು ನಿಮಿಷ ಉಳಿಯಲಿ ಎಂದು ಓಂಕಾರ ಹಾಗೆ ಜೋಡಿಸಿದ್ದ: ಇಮೇಲಿಗೆ ಬಂದದ್ದು ತಾನಾಗಿಯೇ ಸಾಫ್ಟ್‌ವೇರಿನ ಹೊಟ್ಟೆಗೆ ಹೋಗುತ್ತಿತ್ತು, ಅದು ತಾನಾಗಿಯೇ ಅಳತೆ ನೋಡಿ ಪುಟ್ಟ ಮಾದರಿ ಚಿತ್ರ ಮಾಡಿ ಪರದೆಯ ಮೇಲೆ ಸಾಲಾಗಿ ಇಡುತ್ತಿತ್ತು. ಕಂಪ್ಯೂಟರ್ ಹಗಲೂ ರಾತ್ರಿ ಚಾಲೂ ಇರುತ್ತಿತ್ತು.

ಹೋದ ವರ್ಷ ಆಷಾಢದ ಸೇಲಿಗೆ ನಾನು ಮೂವತ್ತು ಪರ್ಸೆಂಟ್ ಎಂದು ಬ್ಯಾನರ್ ಕಟ್ಟಿದ ಬೆಳಿಗ್ಗೆ, ಎದುರಿನ ಸೀರೆ ಅಂಗಡಿಯಲ್ಲಿ ಮೂವತ್ತೊಂದು ಎಂದು ತೂಗಾಡುತ್ತಿತ್ತು. ಕಾಕತಾಳೀಯ ಎಂದುಕೊಂಡೆ. ಗಣೇಶ ಚೌತಿಗೆ ನಾನು ಇಪ್ಪತ್ತೆರಡು, ಆತ ಇಪ್ಪತ್ತಮೂರು. ಇಪ್ಪತ್ತೆರಡನ್ನು ಯಾವ ಮನುಷ್ಯನೂ ಊಹಿಸುವುದಿಲ್ಲ. ಸುಮ್ಮನೆ ಹಟಕ್ಕೆ ಇಟ್ಟ ಸಂಖ್ಯೆ ಅದು.

ಅದೇ ಮುಂಜಾನೆ ಗುರುಪುತ್ರಪ್ಪನವರ ಅಂಗಡಿಗೆ ಹೋದೆ. ಚೌತಿಯ ಗದ್ದಲ. ಗಣೇಶ ಮಂಡಳಗಳವರು, ಒಬ್ಬ ಬೇಕರಿಯವ, ಟ್ಯೂಷನ್ ಕ್ಲಾಸಿನವರು, ಒಟ್ಟು ಎಂಟು ಜನ ತಮ್ಮ ತಮ್ಮ ಬ್ಯಾನರಿಗೆ ಕಾಯುತ್ತ ನಿಂತಿದ್ದರು. ಎಲ್ಲರೂ ಈ ಊರಿನ ಬೇರೆ ಬೇರೆ ಪ್ರೆಸ್ಸುಗಳಿಗೂ ಕೆಲಸ ಕೊಡುವವರೇ. ನಾನು ದನಿ ಏರಿಸಲಿಲ್ಲ. ವ್ಯಾಪಾರಿ ದನಿ ಏರಿಸುವುದಿಲ್ಲ. ನಗುತ್ತಲೇ ಹೇಳಿದೆ.

“ಗುರುಪುತ್ರಪ್ಪನವರ, ಕಳ್ಳನ್ನ ಹೊರಗ ಹುಡಕಬ್ಯಾಡ್ರಿ. ನನ್ನ ಫೈಲ್ ನೋಡಾಕಿ ಈಕಿ ಒಬ್ಬಾಕಿ. ಈಕಿನ್ನ ಕೇಳ್ರಿ, ಒಂದ ಪರ್ಸೆಂಟಿಗೆ ಎದುರಿನಾವ ಎಷ್ಟು ಕೊಟ್ಟಾನಂತ.”

ನಿಂತವರಲ್ಲಿ ಅರ್ಧ ಜನ ಮರಾಠಿಯವರು. ಅವರಿಗೆ ತಿಳಿಯದೆ ಹೋದೀತು ಎಂದು ಮರಾಠಿಯಲ್ಲೂ ಒಮ್ಮೆ ಹೇಳಿದೆ. ಎರಡೂ ಭಾಷೆಯವರು ನಕ್ಕರು.

ಖುಶ್ನುಮಾ ಕೈಗೆ ಮೆತ್ತಿದ ಶಾಯಿಯನ್ನು ಚಿಂದಿಯಿಂದ ಒರೆಸಿಕೊಳ್ಳುತ್ತಿದ್ದಳು. ಒರೆಸಿ ಮುಗಿಸಿದಳು. “ನಾ ಮಾಡಿಲ್ರಿ, ಸಾವ್ಕಾರ್ರ,” ಎಂದಳು. ಅಷ್ಟೇ. ಗುರುಪುತ್ರಪ್ಪ ನೆಲ ನೋಡಿದರು. ಹಬ್ಬ ಮುಗಿಯುವವರೆಗೆ ಮನೆಯಲ್ಲಿರು, ಆಮೇಲೆ ನೋಡೋಣ ಎಂದರು. ಆಕೆ ಬುತ್ತಿಯ ಡಬ್ಬಿ ತೆಗೆದುಕೊಂಡಳು. ಅಂಗಡಿಯಲ್ಲಿ ಡಿಸೈನ್ ಮಾಡುವ ಸಪ್ನಾ ಎಂಬ, ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನ ಹೆಣ್ಣುಮಗಳಿದ್ದಳು. ನೋಟ್‌ಬುಕ್ಕನ್ನು ಅವಳ ಮೇಜಿನ ಮೇಲಿಟ್ಟು, ಮಷಿನ್ ಬಿದ್ದಾಗೊಮ್ಮೆ ತಪ್ಪದೆ ಬರೆಯಬೇಕು ಎಂದು ಹೇಳಿ ಹೋದಳು. ಕಳ್ಳತನದ ಮಾತು ಹೊತ್ತು ಹೋಗುವಾಗ ಮಷಿನ್ನಿನ ಚಿಂತೆ ಮಾಡುತ್ತಾಳಲ್ಲ, ಎಷ್ಟು ಪಕ್ಕಾ ಕಳ್ಳಿ ಇರಬೇಡ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಹಬ್ಬ ಮುಗಿಯಿತು. ಯಾರೂ ಏನೂ ನೋಡಲಿಲ್ಲ. ಖುಶ್ನುಮಾ ಬೆಳಗಾವಿಯ ನಾಲ್ಕು ಪ್ರೆಸ್ಸುಗಳಿಗೆ ಹೋಗಿ ಕೆಲಸ ಕೇಳಿದಳಂತೆ. ನಾಲ್ಕೂ ಕಡೆ ಚಹಾ ಕೊಟ್ಟರು. ದಸರೆ ಆಗಲಿ, ದೀಪಾವಳಿ ಆಗಲಿ ಎಂದರು. ನಮ್ಮ ಊರಿನ ಮುದ್ರಣದ ಕಸುಬು ನಂಬಿಕೆಯ ಮೇಲೆ ನಿಂತದ್ದು. ಲಗ್ನದ ದಿನ, ಅಂಗಡಿಯ ಗುಟ್ಟು, ಚುನಾವಣೆಯ ಚಿಹ್ನೆ, ಎಲ್ಲ ಮೊದಲು ನೋಡುವುದು ಮಷಿನ್ ನಡೆಸುವವರ ಕಣ್ಣು. ಆ ಕಣ್ಣಿಗೆ ಒಮ್ಮೆ ಮಸಿ ಬಳಿದರೆ ಮತ್ತೆ ಮಷಿನ್ ಮುಟ್ಟಿಸುವವರಿಲ್ಲ. ಕೊನೆಗೆ ಖಾನಾಪುರದಲ್ಲೇ, ತಾಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ, ಅರ್ಧ ಪಗಾರಕ್ಕೆ ಪಹಣಿ ತೆಗೆದುಕೊಡುವ ಕೆಲಸಕ್ಕೆ ಕುಳಿತಳು.

ದೀಪಾವಳಿ ಬಂತು. ನಾನು ಮೂವತ್ತಮೂರು ಎಂದು ಬ್ಯಾನರ್ ಕಟ್ಟಿದೆ. ಎದುರಿಗೆ ಮೂವತ್ತನಾಲ್ಕು.

ಆ ಬೆಳಿಗ್ಗೆ ನಾನು ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತೆ. ಖುಶ್ನುಮಾ ಶಹಾಪುರ ಬಿಟ್ಟು ಎರಡು ತಿಂಗಳಾಗಿತ್ತು. ಅರ್ಥ ಮಾಡಿಕೊಳ್ಳಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಆದರೆ ಅರ್ಥವಾಗದಂತೆ ಇರಲು ಬೇಕಾದಷ್ಟು ಬುದ್ಧಿ ನನ್ನಲ್ಲಿತ್ತು. ಯಾರಿಗಾದರೂ ದಾರಿ ತೋರಿಸಿ ಹೋಗಿರಬಹುದು ಎಂದುಕೊಂಡೆ. ಹಬ್ಬದ ವ್ಯಾಪಾರ ಮುಗಿಯಲಿ, ನೋಡೋಣ ಎಂದುಕೊಂಡೆ. ಗುರುಪುತ್ರಪ್ಪ ಹೇಳಿದ ಮಾತೇ ಅದು, ಸಾಲ ಕೇಳದೆ ತೆಗೆದುಕೊಂಡೆ.

ಹದಿನೈದು ದಿನ ಕಳೆದ ಮೇಲೆ ಮಧ್ಯಾಹ್ನ ಆಕೆಯೇ ನನ್ನ ಅಂಗಡಿಗೆ ಬಂದಳು. ಕುಂದರು ತಂಗಿ ಎಂದೆ. ಕೂರಲಿಲ್ಲ. ಕ್ಷಮೆ ಕೇಳಿರಿ ಎನ್ನುತ್ತಾಳೆ ಎಂದು ನಾನು ಒಳಗೇ ಒಂದು ಉತ್ತರ ಹೊಸೆಯುತ್ತಿದ್ದೆ. ಅದನ್ನೂ ಕೇಳಲಿಲ್ಲ.

“ನನಗ ತಾರೀಖ ಬೇಕ್ರಿ, ಸಾವ್ಕಾರ್ರ. ಮೂರ ಸಲ ನಿಮ್ಮ ರೇಟ್ ಹೊರಗ ಹೋತಲ್ರಿ, ಮೂರೂ ಸಲದ್ದು.”

ಹೇಳಿದೆ. ಆಕೆ ಮೊಬೈಲಿನಲ್ಲಿ ನೋಟ್‌ಬುಕ್ಕಿನ ಪುಟಗಳ ಫೋಟೊ ಇಟ್ಟುಕೊಂಡಿದ್ದಳು, ಸಪ್ನಾ ಕಳಿಸಿದ್ದು. ತಾರೀಖುಗಳನ್ನು ತಾಳೆ ಹಾಕಿದಳು. ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ. ದಣಿದವರು ಕೊನೆಯ ಮೆಟ್ಟಿಲು ಹತ್ತಿ ಇನ್ನೂ ಒಂದು ಮೆಟ್ಟಿಲಿದೆ ಎಂದು ನೋಡುವಂಥ ಮುಖ.

ಆಮೇಲೆ ಕುಳಿತಳು, ನನ್ನ ಅಂಗಡಿಯ ಹಾಸಿನ ಅಂಚಿಗೆ, ಮತ್ತು ವಿವರಿಸಿದಳು. ನೋಟ್‌ಬುಕ್ಕಿನಲ್ಲಿ ಮಷಿನ್ ಬಿದ್ದದ್ದು ಮೂವತ್ತೊಂದು ಸಲ. ಅದರಲ್ಲಿ ಇಪ್ಪತ್ತೆಂಟು ಸಲ ಅದರ ಮೇಲೆ ಉದ್ದ ಸರಪಳಿ ಇತ್ತು. ಎಪ್ಪತ್ತನಾಲ್ಕು ಅಡಿಯ ಸರಪಳಿ ಎಂದೂ ಬೀಳಲಿಲ್ಲ. ಎಪ್ಪತ್ತೈದು ಅಡಿಯದು ಎಂದೂ ಉಳಿಯಲಿಲ್ಲ. ಕರೆಂಟಿಗೆ ಅಡಿ ಎಣಿಸಲು ಬರುವುದಿಲ್ಲ. ಧೂಳಿಗೂ ಬರುವುದಿಲ್ಲ. ಹಾಗಾದರೆ ಎಣಿಸುತ್ತಿರುವವರು ಯಾರು?

ಎರಡು ತಿಂಗಳು ಝೆರಾಕ್ಸ್ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಪಹಣಿಗಳ ನಡುವೆ ಬಿಡುವಾದಾಗ, ಆಕೆ ಮೊಬೈಲಿನಲ್ಲಿ ಓದಿದ್ದಳು. ಇಂಗ್ಲಿಷು ಅರ್ಧ ತಾನೇ ತಿಳಿದು, ಉಳಿದರ್ಧ ಸಪ್ನಾಳಿಗೆ ಫೋನ್ ಮಾಡಿ ಕೇಳಿ. ನನಗೆ ತಿಳಿಸಲು ಪದಗಳ ಗೋಜಿಗೆ ಹೋಗಲಿಲ್ಲ. ಚೀಲದಿಂದ ಬಿಲ್ ಪುಸ್ತಕಕ್ಕೆ ನಂಬರ್ ಒತ್ತುವ ಹಳೆಯ ಕೈ ಮಷಿನ್ ತೆಗೆದಳು. ನಾಲ್ಕು ಗಾಲಿಯದು, ಒಮ್ಮೆ ಒತ್ತಿದರೆ ಒಂದು ಅಂಕಿ ಮುಂದೆ ಹೋಗುತ್ತದೆ. ಅದನ್ನು ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ತಿರುಗಿಸಿ ನನ್ನ ಕೈಗೆ ಕೊಟ್ಟು, ಒತ್ತಿರಿ ಎಂದಳು. ಒತ್ತಿದೆ. ನಾಲ್ಕು ಸೊನ್ನೆ ಬಂತು.

“ಗಾಲಿ ಮುಗದ್ವು ಅಂತ ಅದು ಒದರೂದಿಲ್ರಿ. ಸುಮ್ಮನ ಸೊನ್ನಿಯಿಂದ ಶುರು ಮಾಡತೈತಿ. ಹತ್ತ ಸಾವಿರದ ಇಪ್ಪತ್ತೈದು ಬಿಲ್ ಬೇಕಂದ್ರ, ಇದನ್ನ ನೋಡಿದಾವ ಇಪ್ಪತ್ತೈದಕ್ಕ ಅಷ್ಟ ಮೇಜ ಖಾಲಿ ಮಾಡತಾನ. ಆದ್ರ ಬಿಲ್ ಬರೂದು ಹತ್ತ ಸಾವಿರದ ಇಪ್ಪತ್ತೈದ. ಉಳದದ್ದು ಎಲ್ಲಿ ಬೀಳತಾವ್ರಿ?”

ಬಾಜೂ ಮೇಜಿನ ಮೇಲೆ, ಎಂದೆ.

ಸಾಫ್ಟ್‌ವೇರೂ ಹಾಗೆಯೇ ಎಂದಳು. ಹತ್ತು ಅಡಿ ಅಗಲ, ಎಪ್ಪತ್ತೈದು ಅಡಿ ಉದ್ದ, ಒಂದು ಇಂಚಿಗೆ ನೂರು ಚುಕ್ಕೆ, ನಾಲ್ಕು ಶಾಯಿ. ಗುಣಿಸಿದರೆ ನಾನೂರ ಮೂವತ್ತೆರಡು ಕೋಟಿ. ಆದರೆ ಆ ಸಾಫ್ಟ್‌ವೇರ್ ಬರೆದವರು ಈ ಗುಣಾಕಾರ ಇಡಲು ಕೊಟ್ಟ ಖಾನೆಯಲ್ಲಿ ನಾನೂರ ಇಪ್ಪತ್ತೊಂಬತ್ತೂವರೆ ಕೋಟಿಯ ತನಕ ಮಾತ್ರ ಗಾಲಿ ತಿರುಗುತ್ತದೆ. ಆಮೇಲೆ ಸೊನ್ನೆ. ಹೀಗಾಗಿ ಅದು ತನಗೆ ಎರಡೂವರೆ ಕೋಟಿ ಸಾಕು ಎಂದು ಅಷ್ಟೇ ಜಾಗ ಹಿಡಿಯುತ್ತದೆ. ಸುರಿಯುವುದು ಮಾತ್ರ ಪೂರ್ತಿ ನಾನೂರ ಮೂವತ್ತೆರಡು ಕೋಟಿ. ಪಕ್ಕದ ಜಾಗದಲ್ಲಿದ್ದದ್ದೆಲ್ಲ ಮುಚ್ಚಿಹೋಗಿ ಮಷಿನ್ ಬೀಳುತ್ತದೆ. ಕೋಟಿಯ ಲೆಕ್ಕ ಹೇಳಿದ್ದರಿಂದ ನನಗೆ ಒಮ್ಮೆಲೇ ತಿಳಿಯಿತು. ಇಷ್ಟು ವರ್ಷ ಗೇಣು ಬಟ್ಟೆ ಉಳಿಸಲು ಹೋಗಿ ಗುರುಪುತ್ರಪ್ಪ ವಾರ ವಾರ ಈ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ಒಂದೊಂದೇ ಮುದ್ರಿಸುವ ಬೇರೆ ಪ್ರೆಸ್ಸುಗಳಿಗೆ ಈ ಗೋಡೆ ಇರುವುದೇ ತಿಳಿದಿಲ್ಲ.

ಅದಕ್ಕೂ ನನ್ನ ಪರ್ಸೆಂಟಿಗೂ ಏನು ಸಂಬಂಧ ಎಂದು ಕೇಳಿದೆ. ಉಳಿದ ಮೂರು ಸಲ, ಎಂದಳು. ಆ ಮೂರು ಸಲ ಮಷಿನ್ ಮೇಲೆ ಯಾವ ಕೆಲಸವೂ ಇರಲಿಲ್ಲ, ಆದರೂ ಬಿದ್ದಿತ್ತು. ಎರಡು ಆಕೆಯ ಕೈಬರಹದಲ್ಲಿ, ಮೂರನೆಯದು ಸಪ್ನಾಳ ಕೈಬರಹದಲ್ಲಿ. ಪ್ರತಿ ಸಲವೂ ನನ್ನ ಸೇಲಿಗೆ ಹತ್ತು ಹನ್ನೆರಡು ದಿನ ಮೊದಲು. ಆ ದಿನಗಳ ಇಮೇಲ್ ಹುಡುಕಲು ಸಪ್ನಾಳಿಗೆ ಹೇಳಿದ್ದಳು. ಮೂರೂ ದಿನ ಗೊತ್ತಿಲ್ಲದ ವಿಳಾಸದಿಂದ ಒಂದು ವಿಚಾರಣೆ ಬಂದಿತ್ತು: ಇದನ್ನು ಮುದ್ರಿಸಲು ರೇಟ್ ತಿಳಿಸಿ. ಜೊತೆಗೆ ಒಂದು ಫೈಲು. ಫೈಲಿನ ಹಣೆಯ ಮೇಲೆ ಅಳತೆ ಬರೆದಿತ್ತು, ಹತ್ತು ಅಡಿ, ಎಪ್ಪತ್ತೈದು ಅಡಿ. ಫೈಲಿನ ತೂಕ ಮಾತ್ರ ಒಂದು ಪಾಸ್‌ಪೋರ್ಟ್ ಫೋಟೊದಷ್ಟು. ನೂರು ಸೀರೆಯ ಗಂಟು ಎಂದು ಚೀಟಿ ಅಂಟಿಸಿ ಎರಡು ಸೀರೆ ಕಳಿಸಿದ ಹಾಗೆ. ಅಂಥ ಗಂಟು ನನ್ನ ಅಂಗಡಿಗೆ ಬಂದರೆ ಎತ್ತಿದ ಕೂಡಲೇ ತಿಳಿಯುತ್ತದೆ. ಆ ಸಾಫ್ಟ್‌ವೇರ್ ಎತ್ತಿ ನೋಡುವುದಿಲ್ಲ, ಚೀಟಿಯನ್ನು ನಂಬುತ್ತದೆ.

ಸರಪಳಿ ಬಿದ್ದಾಗ ಪಕ್ಕದ ಮೇಜಿನ ಮೇಲೆ ಬೀಳುವುದು ಬರೀ ಬಣ್ಣ. ಇದರಲ್ಲಿ ಅಲ್ಲಿ ಬೀಳಲೆಂದೇ ಯಾರೋ ಬರೆದ ಹುಕುಂ ಇತ್ತು. ಪಕ್ಕದ ಮೇಜು ಎಂದರೆ ಕಂಪ್ಯೂಟರ್ ತನಗೆ ಮುಂದಿನ ಕೆಲಸ ಯಾವುದು ಎಂದು ಓದಿಕೊಳ್ಳುವ ಜಾಗ. ಅದು ಆ ಹುಕುಮನ್ನು ಮಾಲಕರ ಮಾತೆಂದು ಓದಿ, ಅಂದಿನಿಂದ ಬಂದ ಪ್ರತಿಯೊಂದು ಫೈಲಿನ ನಕಲನ್ನೂ ಹೊರಗೆ ಕಳಿಸತೊಡಗಿತ್ತು. ನಡುವೆ ಎರಡು ಸಲ ಓಂಕಾರ ಬಂದು, ಬಹಳ ಬೀಳುತ್ತಿದೆ ಎಂದು ಕಂಪ್ಯೂಟರ್ ಒರೆಸಿ ಎಲ್ಲ ಹೊಸದಾಗಿ ಹಾಕಿದ್ದ. ಹಾಗಾಗಿ ಆ ಫೈಲಿನವರು ಅದನ್ನು ಮತ್ತೆ ಮತ್ತೆ ಕಳಿಸಬೇಕಾಯಿತು. ವಾರ ವಾರ ಬೀಳುವ ಮಷಿನ್. ಮೂರು ಸಲ ಹೆಚ್ಚು ಬಿದ್ದರೆ ಯಾರು ನೋಡುತ್ತಾರೆ?

ನಾನು ಎದ್ದು ಕೈ ತೊಳೆದು ಬಂದೆ. ಏನು ಮಾಡಬೇಕು ಎಂದು ಕೇಳಿದೆ. ಒಂದು ಸುಳ್ಳು ಬ್ಯಾನರ್ ಕಳಿಸಿರಿ ಎಂದಳು, ಆದರೆ ಯಾವ ಮನುಷ್ಯನ ಕಣ್ಣಿಗೂ ಬೀಳದ ದಿನ.

ಸಂಕ್ರಾಂತಿಯ ಮೊದಲಿನ ರವಿವಾರ ಗೊತ್ತು ಮಾಡಿದೆವು. ಗುರುಪುತ್ರಪ್ಪನವರ ಅಂಗಡಿ ಅಂದು ಬಂದ್. ಕೀಲಿ ಅವರ ಜೇಬಿನಲ್ಲಿ, ಅವರು ಕಾಕತಿಯ ಮಗಳ ಮನೆಯಲ್ಲಿ. ಸಪ್ನಾ ತನ್ನ ಊರು ಬೀಡಿಯಲ್ಲಿ. ಒಳಗೆ ಕಂಪ್ಯೂಟರ್ ಒಂದೇ ಎಚ್ಚರ. ಬೆಳಿಗ್ಗೆ ಹತ್ತಕ್ಕೆ ನಾನು, ಹಳೆಯ ಇಮೇಲನ್ನೇ ಯಾರೋ ಓದುತ್ತಿದ್ದಾರೆಂಬ ಅನುಮಾನ ಉಳಿಯದಿರಲಿ ಎಂದು, ಹೊಸದಾಗಿ ತೆರೆದ ಇಮೇಲಿನಿಂದ ಒಂದು ಬ್ಯಾನರ್ ಕಳಿಸಿದೆ: ನಲವತ್ತೇಳು ಪರ್ಸೆಂಟ್ ರಿಯಾಯಿತಿ. ನಲವತ್ತೇಳು ಬಿಟ್ಟರೆ ನನ್ನ ಅಂಗಡಿಯಲ್ಲಿ ಹಾಸು ಮಾತ್ರ ಉಳಿಯುತ್ತದೆ. ನನ್ನ ನಿಜವಾದ ಇಪ್ಪತ್ತು ಪರ್ಸೆಂಟನ್ನು ಕರೆಪ್ಪ ಎಂಬ ಹಳೆಯ ಪೇಂಟರನಿಂದ ಬಟ್ಟೆಯ ಮೇಲೆ ಕುಂಚದಲ್ಲಿ ಬರೆಸಿ ಮನೆಯಲ್ಲಿಟ್ಟುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಗುರುಪುತ್ರಪ್ಪ ಇನ್ನೂ ಕೀಲಿ ತೆಗೆದಿರಲಿಲ್ಲ. ಎದುರಿನ ಅಂಗಡಿಯ ನೆತ್ತಿಯ ಮೇಲೆ ನಲವತ್ತೆಂಟು ಪರ್ಸೆಂಟ್ ತೂಗಾಡುತ್ತಿತ್ತು. ನಾನು ಇಪ್ಪತ್ತು ಕಟ್ಟಿದೆ. ಆತ ಹೊರಗೆ ಬಂದು ನನ್ನ ಬ್ಯಾನರ್ ಓದಿದ, ತನ್ನದನ್ನು ಓದಿದ, ಒಳಗೆ ಹೋದ. ಅಷ್ಟರಲ್ಲಿ ಹೆಣ್ಣುಮಕ್ಕಳು ಸಾಲುಗಟ್ಟಿದ್ದರು. ಮಧ್ಯಾಹ್ನದವರೆಗೆ ನಲವತ್ತೆಂಟಕ್ಕೇ ಮಾರಿದ. ಆಮೇಲೆ ಮುದ್ರಣದೋಷ ಎಂದು ಹೇಳಿ ಇಳಿಸಿದ. ನಾನು ನಗುತ್ತ ಖುಶ್ನುಮಾಳಿಗೆ ಫೋನ್ ಮಾಡಿದೆ. ಆಕೆ ನಗಲಿಲ್ಲ. ಹಿಂದಿನಿಂದ ಝೆರಾಕ್ಸ್ ಮಷಿನ್ನಿನ ಸದ್ದು ಕೇಳುತ್ತಿತ್ತು. ಹಾಗಾದರೆ ಈಗ ಮಾಲಕರಿಗೆ ಹೇಳಿ ಎಂದಳು.

ಹೇಳಿದೆ. ಗುರುಪುತ್ರಪ್ಪ ಓಂಕಾರನನ್ನು ಕರೆಸಿದರು. ಓಂಕಾರ ಒಪ್ಪಲಿಲ್ಲ, ಸಾವ್ಕಾರರ ಮೊಬೈಲೇ ಹಾಳಾಗಿರಬೇಕು, ಸಾಫ್ಟ್‌ವೇರ್ ಪರದೇಶದ್ದು, ಝೆರಾಕ್ಸ್ ಅಂಗಡಿಯವರು ಅದರಲ್ಲಿ ತಪ್ಪು ಹಿಡಿಯುವುದೆಂದರೇನು ಎಂದ. ಖುಶ್ನುಮಾ ಒಂದು ದಿನದ ಪಗಾರ ಬಿಟ್ಟು ಬಂದಳು. ಓಂಕಾರನ ಸ್ವಂತ ಶೋರೂಮಿನಲ್ಲಿ, ಅದೇ ಸಾಫ್ಟ್‌ವೇರ್ ಹಾಕಿದ ಹೊಸ ಕಂಪ್ಯೂಟರಿನಲ್ಲಿ, ಅವನೆದುರಿಗೇ, ಬರೀ ಬಿಳಿ ಬಣ್ಣದ ಎಪ್ಪತ್ತನಾಲ್ಕು ಅಡಿಯ ಚಿತ್ರ ಹಾಕಿದಳು. ನಿಂತಿತು. ಎಪ್ಪತ್ತೈದು ಹಾಕಿದಳು. ಬಿತ್ತು. ಮತ್ತೊಮ್ಮೆ ಮಾಡು ಎಂದ ಓಂಕಾರ. ಮಾಡಿದಳು. ಮೂರನೆಯ ಸಲಕ್ಕೆ ಅವನು ಸಾಕು ಎಂದ. ಆಮೇಲೆ ಗುರುಪುತ್ರಪ್ಪನವರ ಕಂಪ್ಯೂಟರನ್ನು ಹುಡುಕಿದಾಗ, ಓಂಕಾರನೂ ಹಾಕದ, ಸಪ್ನಾಳೂ ಹಾಕದ ಒಂದು ಸಣ್ಣ ಪ್ರೋಗ್ರಾಂ ಮೂಲೆಯಲ್ಲಿ ಓಡುತ್ತ ಸಿಕ್ಕಿತು.

ಪೊಲೀಸರಿಗೆ ದೂರು ಕೊಟ್ಟೆವು. ದೂರು ತೆಗೆದುಕೊಂಡದ್ದಕ್ಕೆ ಚೀಟಿ ಕೊಟ್ಟಿದ್ದಾರೆ. ಆ ಫೈಲು ಕಳಿಸಿದವರು ಯಾರು ಎಂದು ಇನ್ನೂ ತಿಳಿದಿಲ್ಲ. ಎದುರಿನವನು ತನಗೆ ಯಾರೋ ಫೋನಿನಲ್ಲಿ ಮಾರುಕಟ್ಟೆಯ ಮಾಹಿತಿ ಮಾರುತ್ತಿದ್ದರು ಎಂದು ಹೇಳಿ ಕೈ ತೊಳೆದುಕೊಂಡಿದ್ದಾನೆ.

ಸಾಫ್ಟ್‌ವೇರಿನ ಕಂಪನಿಗೆ ಖುಶ್ನುಮಾ ಕಾರ್ತಿಕದಲ್ಲೇ ಬರೆದಿದ್ದಳು. ನಿಮ್ಮ ಪತ್ರ ನಮಗೆ ಮುಖ್ಯ ಎಂಬ ಉತ್ತರ ಅದೇ ನಿಮಿಷಕ್ಕೆ ಬಂತು, ಆಮೇಲೆ ಎರಡು ತಿಂಗಳು ಏನೂ ಬರಲಿಲ್ಲ. ಅಳತೆ, ಗುಣಾಕಾರ, ಬಿದ್ದ ತಾರೀಖು ಎಲ್ಲ ಸೇರಿಸಿ ಮತ್ತೆ ಬರೆದಳು. ನೀವು ಯಾವ ಸಂಸ್ಥೆಯವರು ಎಂದು ಕೇಳಿದರು. ಖಾನಾಪುರ ಎಂದು ಬರೆದಳಂತೆ. ಶಿವರಾತ್ರಿಯ ಹೊತ್ತಿಗೆ ಕಂಪನಿಯವರು ಒಪ್ಪಿದರು: ದೋಷ ನಿಜ, ಹೊಸ ಆವೃತ್ತಿಯಲ್ಲಿ ಸರಿಪಡಿಸಿದ್ದೇವೆ, ನಿಮ್ಮ ಕೈಯಲ್ಲಿರುವ ಹಳೆಯ ಆವೃತ್ತಿಗೆ ಸೇವೆ ನಿಂತು ವರ್ಷಗಳಾದವು. ಅವರ ವೆಬ್‌ಸೈಟಿನಲ್ಲಿ, ಕೆಳಗೆ ಕೆಳಗೆ ಹೋದರೆ, ದೋಷ ತಿಳಿಸಿದವರ ಪಟ್ಟಿಯಲ್ಲಿ ಐದನೆಯ ಸಾಲು ಆಕೆಯ ಹೆಸರು. ನನಗೆ ಸಪ್ನಾ ತೋರಿಸಿದಳು. ಖಾನಾಪುರದಲ್ಲಿ ಆಕೆ ಯಾರಿಗೂ ತೋರಿಸಿದಂತಿಲ್ಲ. ಬೆಳಗಾವಿಯ ಪ್ರೆಸ್ಸಿನವರು ಅದನ್ನು ಓದುವವರಲ್ಲ.

ಹೊಸ ಆವೃತ್ತಿಯ ಬೆಲೆ ಕೇಳಿ ಗುರುಪುತ್ರಪ್ಪ ಒಂದು ದಿನ ಊಟ ಬಿಟ್ಟರು. ಆಮೇಲೆ ಇಂಟರ್ನೆಟ್ಟಿನ ವಯರ್ ಕಿತ್ತರು. ಎಪ್ಪತ್ತು ಅಡಿಯ ಮೇಲೆ ಸರಪಳಿ ಜೋಡಿಸಬಾರದು ಎಂದು ಗೋಡೆಗೆ ಚೀಟಿ ಅಂಟಿಸಿದರು. ಈಗ ಅಲ್ಲಿ ಎಲ್ಲರೂ ಪೆನ್ ಡ್ರೈವ್ ತರುತ್ತಾರೆ. ಅದರೊಳಗಿನ ಫೈಲಿನ ಹಣೆಯ ಮೇಲೂ ಯಾರಾದರೂ ಸುಳ್ಳು ಅಳತೆ ಬರೆಯಬಹುದು ಎಂದು ಖುಶ್ನುಮಾ ಹೇಳಿ ಕಳಿಸಿದ್ದಳು. ಕೇಳಿಸಿಕೊಳ್ಳಲು ಅಲ್ಲಿ ಯಾರಿಗೂ ಶಕ್ತಿ ಉಳಿದಿರಲಿಲ್ಲ. ಮಷಿನ್ನನ್ನು ಹಿಡಿತದಲ್ಲಿಡುವುದು ಸಪ್ನಾಳಿಂದ ಆಗುತ್ತಿಲ್ಲ. ಯುಗಾದಿಯ ಮೊದಲು ಗುರುಪುತ್ರಪ್ಪ ನನ್ನ ಹತ್ತಿರ ಬಂದು, ಖುಶ್ನುಮಾಳಿಗೆ ಬರಲು ಹೇಳಿರಿ, ಆದದ್ದು ಆಯಿತು, ಹಳೆಯ ಪಗಾರ ಕೊಡುತ್ತೇನೆ ಎಂದರು. ನೀವೇ ಹೇಳಿ ಎಂದೆ. ಅವರಿಗೆ ಮುಖವಿಲ್ಲವಂತೆ. ನನಗೆ ಇದೆ ಎಂದು ಅವರು ಯಾಕೆ ತಿಳಿದರೋ.

ಬಸ್ಸಿನಲ್ಲಿ ಖಾನಾಪುರಕ್ಕೆ ಹೋದೆ. ಝೆರಾಕ್ಸ್ ಅಂಗಡಿಯ ಮುಂದೆ ಪಹಣಿಗೆ, ರೇಷನ್ ಕಾರ್ಡಿಗೆ ಹತ್ತು ಜನರ ಸಾಲು. ನನ್ನನ್ನು ಕಂಡು ಆಕೆ ಒಳಗಿನಿಂದ ಇನ್ನೊಂದು ಸ್ಟೂಲು ತಂದಿಟ್ಟು, ಕುಂದರ್ರಿ ಎಂದಳು. ಸಾಲು ನಿಲ್ಲಿಸಲಿಲ್ಲ. ಕಾಗದ ಇಡುವುದು, ಮುಚ್ಚಳ ಮುಚ್ಚುವುದು, ಬೆಳಕು ಸರಿಯುವುದು. ನಡುನಡುವೆ ನಾನು ಗುರುಪುತ್ರಪ್ಪನವರ ಮಾತನ್ನು ತುಂಡು ತುಂಡಾಗಿ ಹೇಳಿದೆ. ರೈಲಿನ ವೇಳೆ ಬದಲಾಗಿದೆ, ಈಗ ಸುಲಭ ಎಂಬುದನ್ನೂ ಸೇರಿಸಿದೆ.

ಪೂರ್ತಿ ಕೇಳಿ, ಆಕೆ ಒಂದು ಪ್ರಶ್ನೆ ಕೇಳಿದಳು.

“ಅವತ್ತ ಅಲ್ಲಿ ಎಂಟ ಮಂದಿ ಇದ್ರು, ಸಾವ್ಕಾರ್ರ. ಅವರಿಗೆ ಯಾರ ಹೇಳ್ಯಾರ?”

ಇಷ್ಟು ಹೊತ್ತಿಗೆ ಎಲ್ಲರಿಗೂ ತಿಳಿದಿರುತ್ತದೆ ಬಿಡು ತಂಗಿ, ಊರು ಸಣ್ಣದು ಎಂದೆ.

“ತಿಳದಿದ್ರ ಆ ನಾಕ ಪ್ರೆಸ್ಸಿನ್ಯಾಗ ಒಬ್ಬರರ ನನಗ ಫೋನ್ ಮಾಡತಿದ್ರು. ಮಷಿನ್ ಖರೇ ಹೇಳ್ತು. ಕಂಪನ್ಯಾವ್ರೂ ಹೇಳಿದ್ರು. ಮಂದಿ ಕೇಳಿದ್ದು ನಿಮ್ಮ ಬಾಯಾಗ ಅಲ್ರಿ?”

ಸಿಟ್ಟಿರಲಿಲ್ಲ. ಸಿಟ್ಟು ಮಾಡುವಷ್ಟೂ ಹುರುಪು ಉಳಿದಿರಲಿಲ್ಲ ಎಂದು ಕಂಡಿತು. ಆರೇಳು ತಿಂಗಳು ಒಂದು ಮಾತಿನ ಹಿಂದೆ ನಡೆದು ಅದರ ಬಾಲ ಹಿಡಿದವಳು ಆಕೆ, ಹಿಡಿದದ್ದನ್ನು ಇಡಲು ಜಾಗವಿಲ್ಲ. ಮಾಲಕರಿಗೆ ಏನು ಹೇಳಲಿ ಎಂದು ಕೇಳಿದೆ. ಈಗ ಬರಲಾಗುವುದಿಲ್ಲ ಎಂದು ಹೇಳಿರಿ ಎಂದಳು. ಅನುಮಾನ ಇಟ್ಟುಕೊಂಡ ಗಿರಾಕಿಗಳ ಮುಂದೆ ಮತ್ತೆ ಅದೇ ಮಷಿನ್ನಿನ ಹತ್ತಿರ ನಿಲ್ಲುವುದಕ್ಕಿಂತ ಈ ಪಹಣಿ ವಾಸಿ, ಪಹಣಿಯಲ್ಲಿ ಗುಟ್ಟಿಲ್ಲ. ಸಾಲಿನಲ್ಲಿದ್ದ ಒಬ್ಬ ಮುದುಕಿ ತನ್ನ ಬಸ್ಸು ಹೋಗುತ್ತದೆ ಎಂದು ಗೊಣಗಿದಳು. ಖುಶ್ನುಮಾ ಅವಳ ಕಾಗದ ತೆಗೆದುಕೊಂಡಳು. ನಾನು ಸ್ಟೂಲನ್ನು ಒಳಗಿಟ್ಟು ಹೊರಟೆ.

ಆ ಮೇಲೆ ನಾನು ಗುರುಪುತ್ರಪ್ಪನವರ ಅಂಗಡಿಗೆ ನಾಲ್ಕು ಸಲ ಹೋಗಿದ್ದೇನೆ. ಎರಡು ಸಲ ಆ ಎಂಟು ಜನರಲ್ಲಿ ಮೂವರು ಅಲ್ಲೇ ಇದ್ದರು. ಒಮ್ಮೆ ಬಿಸಿಲಿನ ಮಾತಾಡಿ ಬಂದೆ, ಒಮ್ಮೆ ಬ್ಯಾನರ್ ಬಟ್ಟೆಯ ರೇಟಿನ ಮಾತಾಡಿ ಬಂದೆ. ನಲವತ್ತು ವರ್ಷ ಗಿರಾಕಿಯ ಎದುರು ಒಂದು ಮಾತಿಗೂ ತಡವರಿಸದ ನಾಲಿಗೆ ಅಲ್ಲಿ ಹೋದರೆ ಒಣಗುತ್ತದೆ. ಇಲ್ಲಿ ಬರೆದುಕೊಂಡು ಕೂತಿರುವುದು ಅದಕ್ಕೇ; ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಆದರೆ ಆ ಎಂಟು ಜನ ಪುಸ್ತಕ ಓದುವವರಲ್ಲ, ಆದ್ದರಿಂದ ಇದು ಲೆಕ್ಕಕ್ಕೆ ಬರುವುದಿಲ್ಲ.

ಖುಶ್ನುಮಾಳಿಗೆ ನಾನು ಕೊಡಬೇಕಾದದ್ದು ಒಂದು ವಾಕ್ಯ: ಆಕೆ ಕದ್ದಿಲ್ಲ, ನಾನು ಸುಳ್ಳು ಹೇಳಿದೆ ಎಂದು. ಅದನ್ನು ಆ ಅಂಗಡಿಯಲ್ಲಿ ನಿಂತು, ಆ ಎಂಟು ಜನರ ಎದುರು, ಕನ್ನಡದಲ್ಲಿ ಒಮ್ಮೆ ಮತ್ತು ಮರಾಠಿಯಲ್ಲಿ ಒಮ್ಮೆ ಹೇಳಬೇಕು. ಇನ್ನೂ ಹೇಳಿಲ್ಲ.